ಗಣಿತದ ಮೇಷ್ಟರ ವಿಶ್ವ ಕಿರೀಟ

ಚದುರಂಗದ ವಿಶ್ವ ಚಾಂಪಿಯನ್ನರ ಪಟ್ಟಿಯಲ್ಲಿ ಐದನೆಯ ಹೆಸರು ಹಾಲೆಂಡಿನ ಮ್ಯಾಕ್ಸ್ ಯೂವೆ ಅವರದು. ಅದರ ಹಿಂದಿನ ಹೆಸರುಗಳು ಸ್ಟೈನಿಟ್ಜ್, ಲಾಸ್ಕರ್, ಕಾಪಬ್ಲಾಂಕ ಮತ್ತು ಅಲೆಖಿನ್. ಮುಂದಿನ ಹೆಸರು ಬೋಟ್ವಿನಿಕ್. ಈ ಘಟಾನುಘಟಿಗಳ ನಡುವೆ ಕೇವಲ ಎರಡು ವರ್ಷ ಕಿರೀಟ ಧರಿಸಿದ್ದ ಯೂವೆಯ ಹೆಸರು ಓದುಗರ ಕಣ್ಣಿಗೆ ಬೀಳದೇ ಹೋಗುವುದೇ ಹೆಚ್ಚು. ಆದರೆ ಅವರ ಬದುಕಿನಲ್ಲಿ ಉಳಿದವರಿಗಿಲ್ಲದ ಒಂದು ವೈಶಿಷ್ಟ್ಯವಿತ್ತು. ಜಗತ್ತಿನ ಅತ್ಯುತ್ತಮ ಆಟಗಾರರ ಎದುರು ಕುಳಿತು ಆಡುತ್ತಿದ್ದ ವರ್ಷಗಳಲ್ಲೇ ಅವರು ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗಣಿತದ ಪಾಠ ಹೇಳುತ್ತಿದ್ದರು. ಚೆಸ್ ಅವರ ಕಸುಬಾಗಿರಲಿಲ್ಲ, ಬಿಡುವಿನ ವೇಳೆಯ ಹವ್ಯಾಸವಾಗಿತ್ತು.

ಬಿಡುವಿನ ವೇಳೆಯಲ್ಲಿ ವಿಶ್ವ ಚಾಂಪಿಯನ್ ಆಗುವುದು ಸಾಧ್ಯವೇ? ಆದರೂ ಅದನ್ನು ಉಳಿಸಿಕೊಳ್ಳುವುದು ಸಾಧ್ಯವೇ? ಮೊದಲ ಪ್ರಶ್ನೆಗೆ 1935ರಲ್ಲಿಯೂ ಎರಡನೆಯದಕ್ಕೆ 1937ರಲ್ಲಿಯೂ ಉತ್ತರ ಸಿಕ್ಕಿತು. ಆ ಎರಡು ಉತ್ತರಗಳ ನಡುವೆ ಯೂವೆ ತೆಗೆದುಕೊಂಡ ಒಂದು ನಿರ್ಧಾರ ಚೆಸ್ ಇತಿಹಾಸದಲ್ಲಿ ಅವರಿಗೆ ಬೇರೆಯದೇ ಸ್ಥಾನವನ್ನು ಕೊಟ್ಟಿದೆ.

ಸಂಬಳದ ಕೆಲಸ, ರಜೆಯ ಆಟ

ಮ್ಯಾಕ್ಸ್ ಯೂವೆ ಹುಟ್ಟಿದ್ದು 1901ರ ಮೇ 20ರಂದು, ಆಮ್‌ಸ್ಟರ್‌ಡ್ಯಾಮ್ ಪಕ್ಕದ ವಾಟರ್‌ಗ್ರಾಫ್ಸ್‌ಮೇರ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ 1923ರಲ್ಲಿ ಪದವಿ ಪಡೆದರು. ಮೂರು ವರ್ಷಗಳ ಬಳಿಕ, 1926ರಲ್ಲಿ, ಪ್ರಾಧ್ಯಾಪಕ ರೋಲಾಂಡ್ ವೈಟ್ಸನ್‌ಬಾಕ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಮುಗಿಸಿದರು. ಅದೇ ವರ್ಷ ಮದುವೆಯೂ ಆಯಿತು. ವಿಂಟರ್ಸ್‌ವೈಕ್ ಮತ್ತು ರಾಟರ್‌ಡ್ಯಾಮ್‌ಗಳಲ್ಲಿ ಸ್ವಲ್ಪ ಕಾಲ ಪಾಠ ಹೇಳಿದ ನಂತರ ಆಮ್‌ಸ್ಟರ್‌ಡ್ಯಾಮಿನ ಬಾಲಿಕಾ ಶಾಲೆಯಲ್ಲಿ ಕಾಯಂ ಕೆಲಸ ಸಿಕ್ಕಿತು. 1926ರಿಂದ 1940ರವರೆಗೆ ಅವರು ಅಲ್ಲಿಯೇ ಇದ್ದರು. ಮನೆಯಲ್ಲಿ ಹೆಂಡತಿ, ಮುಂದೆ ಮೂವರು ಹೆಣ್ಣುಮಕ್ಕಳು, ತಿಂಗಳ ಕೊನೆಗೆ ಸಂಬಳ. ಮಧ್ಯಮ ವರ್ಗದ ಯಾವುದೇ ಉಪಾಧ್ಯಾಯರ ಜೀವನದಂತೆಯೇ ಅದು ಇತ್ತು.

ಅದರ ಜೊತೆಗೆ ಚೆಸ್ ಇತ್ತು. 1921ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಹಾಲೆಂಡಿನ ರಾಷ್ಟ್ರೀಯ ಚಾಂಪಿಯನ್ ಆದರು. ಅಲ್ಲಿಂದ 1952ರವರೆಗೆ ತಾವು ಭಾಗವಹಿಸಿದ ಪ್ರತಿಯೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನೂ ಗೆದ್ದರು. 1954ರಲ್ಲಿ ಹೈನ್ ಡೊನ್ನರ್ ಎಂಬ ತರುಣ ಈ ಸರಪಳಿಯನ್ನು ಮುರಿದ. ಮರುವರ್ಷ ಯೂವೆ ಪಟ್ಟವನ್ನು ಮತ್ತೆ ಕಿತ್ತುಕೊಂಡರು. ಒಟ್ಟು ಹನ್ನೆರಡು ಬಾರಿ. ಈ ದಾಖಲೆಯನ್ನು ಇನ್ನೂ ಯಾರೂ ಅಳಿಸಿಲ್ಲ.

ಇಷ್ಟು ಪ್ರತಿಭೆಯಿದ್ದ ವ್ಯಕ್ತಿ ಮೇಷ್ಟರ ಕೆಲಸವನ್ನು ಬಿಟ್ಟು ಪೂರ್ಣಾವಧಿ ಆಟಗಾರನಾಗಲಿಲ್ಲವೇಕೆ ಎಂಬ ಪ್ರಶ್ನೆ ಸಹಜ. ಆ ಕಾಲದ ವೃತ್ತಿಪರ ಆಟಗಾರರ ಸ್ಥಿತಿಗತಿಯನ್ನು ತಿಳಿದರೆ ಇದು ಅರ್ಥವಾಗುತ್ತದೆ. ಅವರಿಗೆ ಸಂಬಳವಿಲ್ಲ, ಪಿಂಚಣಿಯಿಲ್ಲ. ಪಂದ್ಯಾವಳಿಗಳ ಬಹುಮಾನ, ಪತ್ರಿಕೆಗಳಿಗೆ ಬರೆದ ಅಂಕಣ, ಊರಿಂದೂರಿಗೆ ಹೋಗಿ ಒಂದೇ ಹೊತ್ತಿಗೆ ಹತ್ತಾರು ಜನರೊಂದಿಗೆ ಆಡುವ ಪ್ರದರ್ಶನ, ಇವುಗಳಿಂದ ಬಂದದ್ದೇ ಜೀವನೋಪಾಯ. ಮೊದಲ ವಿಶ್ವ ಚಾಂಪಿಯನ್ ವಿಲ್‌ಹೆಲ್ಮ್ ಸ್ಟೈನಿಟ್ಜ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಕಡುಬಡತನದಲ್ಲಿ ತೀರಿಕೊಂಡಿದ್ದರು. ಚಾಂಪಿಯನ್ನನ ಪಾಡೇ ಹೀಗಾದರೆ ಉಳಿದವರ ಮಾತೇನು? ಪ್ರೌಢಶಾಲೆಯ ಸಂಬಳವನ್ನು ಬಿಡದಿದ್ದದ್ದು ಲೆಕ್ಕ ಬಲ್ಲವನ ತೀರ್ಮಾನವೇ ಆಗಿತ್ತು.

ಆದರೆ ಅದಕ್ಕೆ ಬೆಲೆ ಕೊಡಬೇಕಾಗಿತ್ತು. ಯೂವೆ ಆಡಿದ ದೊಡ್ಡ ಪಂದ್ಯಗಳ ದಿನಾಂಕಗಳನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅಲೆಖಿನ್ ಜೊತೆಗಿನ ಮೊದಲ ಸರಣಿ ನಡೆದದ್ದು 1926ರ ಡಿಸೆಂಬರ್ ಮತ್ತು 1927ರ ಜನವರಿಯಲ್ಲಿ. ಇಂಗ್ಲೆಂಡಿನ ಹೇಸ್ಟಿಂಗ್ಸ್‌ನ ಪ್ರಸಿದ್ಧ ಪಂದ್ಯಾವಳಿ ನಡೆಯುತ್ತಿದ್ದದ್ದು ಪ್ರತಿ ವರ್ಷ ಕ್ರಿಸ್‌ಮಸ್ ಹೊತ್ತಿಗೆ. ಕಾಪಬ್ಲಾಂಕ ಜೊತೆಗಿನ ಸರಣಿ 1931ರ ಜುಲೈನಲ್ಲಿ. ಎಲ್ಲವೂ ಶಾಲೆಗೆ ರಜೆ ಇರುವ ದಿನಗಳೇ. ಎದುರಾಳಿಗಳು ವರ್ಷವಿಡೀ ಆಡಿ ಕೈ ಪಳಗಿಸಿಕೊಂಡು ಬರುತ್ತಿದ್ದರೆ ಯೂವೆ ಪರೀಕ್ಷೆ ಮುಗಿಸಿ ಬರುತ್ತಿದ್ದರು.

ಇಂಥ ಮಿತಿಯೊಳಗೆ ಅವರ ಫಲಿತಾಂಶ ಸಾಧಾರಣವಾಗಿರಲಿಲ್ಲ. 1926-27ರ ಸರಣಿಯಲ್ಲಿ ಅಲೆಖಿನ್ ಎದುರು ಸೋತದ್ದು ಕೇವಲ ಒಂದು ಅಂಕದಿಂದ, 5.5-4.5. ಅದೇ ವರ್ಷದ ಕೊನೆಗೆ ಅಲೆಖಿನ್ ಕಾಪಬ್ಲಾಂಕರನ್ನು ಮಣಿಸಿ ವಿಶ್ವ ಚಾಂಪಿಯನ್ ಆದರು. 1928ರಲ್ಲಿ ಹೇಗ್ ನಗರದಲ್ಲಿ ನಡೆದ ವಿಶ್ವ ಹವ್ಯಾಸಿ ಚಾಂಪಿಯನ್‌ಷಿಪ್ ಯೂವೆ ಪಾಲಾಯಿತು.

1930-31ರ ಹೇಸ್ಟಿಂಗ್ಸ್ ಪಂದ್ಯಾವಳಿ ಭಾರತದ ಓದುಗರಿಗೂ ಕುತೂಹಲಕರ. ಅಲ್ಲಿ ಯೂವೆ ಮೊದಲನೆಯವರಾಗಿ, ಮಾಜಿ ವಿಶ್ವ ಚಾಂಪಿಯನ್ ಕಾಪಬ್ಲಾಂಕ ಎರಡನೆಯವರಾಗಿ ಬಂದರು. ಮೂರನೆಯ ಸ್ಥಾನ ಪಡೆದವರು ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಕಾಪಬ್ಲಾಂಕರನ್ನು ಈ ಪಂದ್ಯಾವಳಿಯಲ್ಲಿ ಸೋಲಿಸಿದವರು ಈ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಅವರ ಪರಿವಾರದಲ್ಲಿದ್ದ ಅವರು ತಮ್ಮ ಧಣಿಯ ಜೊತೆ ಲಂಡನ್ನಿಗೆ ಹೋಗಿ ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದವರು. ಧಣಿ ಊರಿಗೆ ಮರಳಿದಾಗ ಅವರ ಚೆಸ್ ಜೀವನವೂ ಮುಗಿಯಿತು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಒಬ್ಬರು ಮೇಷ್ಟರು, ಇನ್ನೊಬ್ಬರು ಪರಿವಾರದವರು. ಇಬ್ಬರಿಗೂ ಆಟ ಅನ್ನ ಕೊಡುವ ವೃತ್ತಿಯಾಗಿರಲಿಲ್ಲ. ಆದರೆ ಒಬ್ಬರಿಗೆ ತಮ್ಮ ರಜೆ ತಮ್ಮದಾಗಿತ್ತು, ಇನ್ನೊಬ್ಬರಿಗೆ ಅದೂ ಇರಲಿಲ್ಲ.

ಮುಗಿಯದ ಆಟದ ಗಣಿತ

ಗಣಿತವನ್ನು ಯೂವೆ ಕೇವಲ ಹೊಟ್ಟೆಪಾಡಿಗಾಗಿ ಇಟ್ಟುಕೊಂಡಿರಲಿಲ್ಲ ಎಂಬುದಕ್ಕೆ 1929ರಲ್ಲಿ ಅವರು ಪ್ರಕಟಿಸಿದ ಒಂದು ಪ್ರಬಂಧ ಸಾಕ್ಷಿ. ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಈ ಬರಹದಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಕೇಳಲು ಸರಳ. ಚದುರಂಗದ ಆಟ ಎಂದೆಂದೂ ಮುಗಿಯದೆ ನಡೆಯಬಹುದೇ?

ಆಗ ಬಳಕೆಯಲ್ಲಿದ್ದ ಒಂದು ನಿಯಮದ ಪ್ರಕಾರ, ಒಂದೇ ನಡೆಗಳ ಸರಣಿ ಬೆನ್ನುಬೆನ್ನಿಗೆ ಮೂರು ಸಲ ಬಂದರೆ ಆಟ ಡ್ರಾ. ಆಟಗಾರರು ಸುಮ್ಮನೆ ಕುದುರೆಯನ್ನು ಹಿಂದೆ ಮುಂದೆ ಆಡಿಸುತ್ತ ಕೂರಬಾರದೆಂಬುದು ಇದರ ಉದ್ದೇಶ. ಮೇಲ್ನೋಟಕ್ಕೆ ಈ ನಿಯಮ ಸಾಕು ಎನಿಸುತ್ತದೆ. ಸಾಲದು ಎಂದು ಯೂವೆ ತೋರಿಸಿದರು.

ಅವರು ಬಳಸಿದ ಉಪಾಯವನ್ನು ಹೀಗೆ ವಿವರಿಸಬಹುದು. ಮೊದಲು 0 ಎಂದು ಬರೆಯಿರಿ. ಅದರ ಪಕ್ಕದಲ್ಲಿ ಅದರ ವಿರುದ್ಧ ಅಂಕಿ 1 ಬರೆಯಿರಿ. 01 ಆಯಿತು. ಈಗ ಈ ಜೋಡಿಯ ವಿರುದ್ಧ ರೂಪವಾದ 10ನ್ನು ಪಕ್ಕಕ್ಕೆ ಸೇರಿಸಿ. 0110 ಆಯಿತು. ಅದರ ವಿರುದ್ಧ ರೂಪ 1001. ಎರಡನ್ನೂ ಸೇರಿಸಿದರೆ 01101001. ಹೀಗೆ ಎಷ್ಟು ದೂರ ಬೇಕಾದರೂ ಬೆಳೆಸುತ್ತಾ ಹೋಗಬಹುದು. ಈ ಸಾಲಿನ ವಿಶೇಷವೆಂದರೆ, ಇದು ಎಷ್ಟೇ ಉದ್ದವಾದರೂ ಯಾವ ತುಣುಕೂ ಬೆನ್ನುಬೆನ್ನಿಗೆ ಮೂರು ಸಲ ಬರುವುದಿಲ್ಲ. ಇನ್ನು 0 ಎಂದರೆ ಒಂದು ಬದಿಯ ಕುದುರೆಗಳು ಹೊರಬಂದು ಮನೆಗೆ ಮರಳುವುದು, 1 ಎಂದರೆ ಇನ್ನೊಂದು ಬದಿಯ ಕುದುರೆಗಳು ಹಾಗೆ ಮಾಡುವುದು ಎಂದಿಟ್ಟುಕೊಳ್ಳೋಣ. ಸಾಲಿನ ಅಂಕಿಗಳಂತೆ ಇಬ್ಬರೂ ಆಡುತ್ತಾ ಹೋದರೆ ನಿಯಮ ಮುರಿಯುವುದೂ ಇಲ್ಲ, ಆಟ ಮುಗಿಯುವುದೂ ಇಲ್ಲ.

ಈ ಅಂಕಿಸಾಲನ್ನು ಆಕ್ಸೆಲ್ ಥೂ ಮತ್ತು ಮಾರ್ಸ್ಟನ್ ಮೋರ್ಸ್ ಎಂಬ ಗಣಿತಜ್ಞರು ಬೇರೆ ಸಂದರ್ಭಗಳಲ್ಲಿ ಮೊದಲೇ ಕಂಡುಕೊಂಡಿದ್ದರು. ಅವರ ಹೆಸರಿನಲ್ಲೇ ಅದು ಇಂದು ಪ್ರಸಿದ್ಧ. ಯೂವೆ ಅದನ್ನು ತಮ್ಮ ದಾರಿಯಲ್ಲಿ ಸ್ವತಂತ್ರವಾಗಿ ತಲುಪಿದ್ದರು. ಇಂದಿನ ಚೆಸ್ ನಿಯಮಗಳು ನಡೆಗಳ ಸರಣಿಯನ್ನು ನೋಡುವುದಿಲ್ಲ, ಮಣೆಯ ಮೇಲಿನ ಸ್ಥಿತಿ ಎಷ್ಟು ಬಾರಿ ಮರುಕಳಿಸಿತು ಎಂಬುದನ್ನು ನೋಡುತ್ತವೆ. ಕಾಯಿ ಹೊಡೆಯದೆ, ಕಾಲಾಳು ಕದಲಿಸದೆ ಐವತ್ತು ನಡೆಗಳು ಕಳೆದರೆ ಡ್ರಾ ಕೇಳಬಹುದೆಂಬ ನಿಯಮವೂ ಇದೆ. ಇವುಗಳ ಎದುರು ಯೂವೆಯ ಮುಗಿಯದ ಆಟ ನಡೆಯದು. ಹಾಗಿದ್ದರೂ ತನ್ನ ಆಟದ ನಿಯಮವನ್ನೇ ಗಣಿತದ ತಕ್ಕಡಿಯಲ್ಲಿಟ್ಟು ತೂಗಿ ನೋಡಿದ ಆಟಗಾರರು ವಿರಳ.

1935ರ ಚಳಿಗಾಲ

1930ರ ದಶಕದ ಆರಂಭದಲ್ಲಿ ಅಲೆಕ್ಸಾಂಡರ್ ಅಲೆಖಿನ್ ಅವರನ್ನು ಸೋಲಿಸಬಲ್ಲವರು ಯಾರೂ ಇಲ್ಲವೆಂದೇ ಜನ ನಂಬಿದ್ದರು. ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ ಫ್ರಾನ್ಸಿನಲ್ಲಿ ನೆಲೆಸಿದ್ದ ಈ ಆಟಗಾರನ ದಾಳಿಯ ಬಲಕ್ಕೆ ಸಮಾನವಾದುದು ಇರಲಿಲ್ಲ. 1929 ಮತ್ತು 1934ರಲ್ಲಿ ಬೊಗೊಲ್ಯುಬೊವ್ ಎದುರು ಅವರು ಸುಲಭವಾಗಿ ಪಟ್ಟ ಉಳಿಸಿಕೊಂಡಿದ್ದರು. ಆದರೆ ತಾವು ಕಿರೀಟ ಕಸಿದುಕೊಂಡ ಕಾಪಬ್ಲಾಂಕರಿಗೆ ಮಾತ್ರ ಮರುಪಂದ್ಯದ ಅವಕಾಶ ಕೊಡಲೇ ಇಲ್ಲ. ಹಣದ ಷರತ್ತು, ಸ್ಥಳದ ತಕರಾರು ಹೀಗೆ ಮಾತುಕತೆ ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಏನೂ ಆಗಲಿಲ್ಲ. ಆಗ ವಿಶ್ವಪಟ್ಟವೆಂಬುದು ಚಾಂಪಿಯನ್ನನ ಸ್ವಂತ ಆಸ್ತಿಯಂತೆ. ಯಾರೊಂದಿಗೆ ಆಡಬೇಕು, ಯಾವಾಗ ಆಡಬೇಕು ಎಂಬುದೆಲ್ಲ ಅವನ ಇಚ್ಛೆ.

ಇಂಥ ಚಾಂಪಿಯನ್ 1935ರಲ್ಲಿ ಯೂವೆ ಜೊತೆ ಆಡಲು ಒಪ್ಪಿದಾಗ ಫಲಿತಾಂಶ ಮೊದಲೇ ಗೊತ್ತಿದ್ದಂತೆ ಎಲ್ಲರೂ ಮಾತನಾಡಿದರು. ಮೂವತ್ತು ಆಟಗಳ ಸರಣಿ. ಹಾಲೆಂಡಿನ ಬೇರೆಬೇರೆ ಊರುಗಳಲ್ಲಿ ಆಟ. ಅಕ್ಟೋಬರ್ 3ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭ.

ಮೊದಲ ವಾರಗಳಲ್ಲಿ ಭವಿಷ್ಯ ನಿಜವಾಗುವಂತೆಯೇ ಕಂಡಿತು. ಮೊದಲ ಆಟ ಅಲೆಖಿನ್‌ಗೆ. ಎರಡನೆಯದನ್ನು ಯೂವೆ ಗೆದ್ದರೂ ಮೂರು, ನಾಲ್ಕು ಮತ್ತು ಏಳನೆಯ ಆಟಗಳು ಮತ್ತೆ ಅಲೆಖಿನ್ ಪಾಲು. ಒಂಬತ್ತು ಆಟಗಳು ಮುಗಿದಾಗ ಅಂಕ 6-3. ಕಪ್ಪು ಕಾಯಿ ಹಿಡಿದಾಗ ಯೂವೆ ಫ್ರೆಂಚ್ ರಕ್ಷಣೆಯನ್ನು ಆಶ್ರಯಿಸಿ ಮೂರು ಬಾರಿ ಪೆಟ್ಟು ತಿಂದಿದ್ದರು. ಪತ್ರಿಕೆಗಳು ಸರಣಿಯನ್ನು ಮುಗಿದ ಕಥೆಯೆಂದು ಭಾವಿಸಿದರೆ ತಪ್ಪೇನೂ ಇರಲಿಲ್ಲ.

ಆಗ ಯೂವೆ ಮಾಡಿದ್ದು ಮೇಷ್ಟರೊಬ್ಬರು ಮಾಡುವ ಕೆಲಸವನ್ನೇ. ತಪ್ಪು ಎಲ್ಲಿದೆಯೆಂದು ನೋಡಿ ತಿದ್ದಿಕೊಂಡರು. ಫ್ರೆಂಚ್ ರಕ್ಷಣೆಯನ್ನು ಕೈಬಿಟ್ಟರು. ಹತ್ತನೆಯ, ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಆಟಗಳನ್ನು ಗೆದ್ದು ಅಂಕವನ್ನು 7-7ಕ್ಕೆ ತಂದು ನಿಲ್ಲಿಸಿದರು. ಅಲೆಖಿನ್ ಮತ್ತೆ ಎರಡು ಅಂಕ ಮುಂದೆ ಹೋದರು. ಯೂವೆ ಇಪ್ಪತ್ತು ಮತ್ತು ಇಪ್ಪತ್ತೊಂದನೆಯ ಆಟಗಳನ್ನು ಗೆದ್ದು ಮತ್ತೆ ಸಮ ಮಾಡಿದರು. ಎರಡು ಬಾರಿ ಹೀಗೆ ಮೇಲೆದ್ದು ಬಂದ ಸವಾಲುಗಾರನನ್ನು ವಿಶ್ವ ಚಾಂಪಿಯನ್‌ಷಿಪ್ ಅಷ್ಟಾಗಿ ಕಂಡಿರಲಿಲ್ಲ.

ಸರಣಿಯ ತಿರುವು ಬಂದದ್ದು ಇಪ್ಪತ್ತೈದು ಮತ್ತು ಇಪ್ಪತ್ತಾರನೆಯ ಆಟಗಳಲ್ಲಿ. ಎರಡೂ ಯೂವೆಗೆ. ಇವುಗಳಲ್ಲಿ ಎರಡನೆಯದು ಸಮುದ್ರತೀರದ ಜಾಂಡ್‌ಫೋರ್ಟ್ ಎಂಬ ಊರಿನಲ್ಲಿ ಡಿಸೆಂಬರ್ 3ರಂದು ನಡೆಯಿತು. ಕಪ್ಪು ಕಾಯಿಯೊಂದಿಗೆ ಅಲೆಖಿನ್ ಆರಿಸಿಕೊಂಡದ್ದು ಡಚ್ ರಕ್ಷಣೆ ಎಂಬುದು ಒಂದು ತಮಾಷೆಯ ಕಾಕತಾಳೀಯ. ಯೂವೆ ಒಂದು ಕಾಯಿಯನ್ನು ಬಲಿಕೊಟ್ಟು ಅದಕ್ಕೆ ಬದಲಾಗಿ ಕಾಲಾಳುಗಳನ್ನು ಪಡೆದರು. ಭುಜಕ್ಕೆ ಭುಜ ತಾಗಿಸಿ ಮುನ್ನುಗ್ಗಿದ ಆ ಕಾಲಾಳುಗಳ ಸಾಲನ್ನು ತಡೆಯಲು ಅಲೆಖಿನ್ನರ ದೊಡ್ಡ ಕಾಯಿಗಳಿಂದಲೂ ಆಗಲಿಲ್ಲ. 47 ನಡೆಗಳಲ್ಲಿ ಮುಗಿದ ಈ ಆಟವನ್ನು ಚೆಸ್ ಜಗತ್ತು ಇಂದಿಗೂ ‘ಜಾಂಡ್‌ಫೋರ್ಟಿನ ಮುತ್ತು’ ಎಂದು ಕರೆಯುತ್ತದೆ.

ಇಪ್ಪತ್ತೇಳನೆಯ ಆಟ ಅಲೆಖಿನ್‌ಗೆ ಹೋಯಿತು. ಅಂತರ ಒಂದೇ ಅಂಕಕ್ಕೆ ಇಳಿಯಿತು. ಉಳಿದ ಮೂರು ಆಟಗಳಲ್ಲಿ ಯೂವೆ ಸೋಲಲಿಲ್ಲ. ಮೂರೂ ಡ್ರಾ. ಡಿಸೆಂಬರ್ ಮಧ್ಯದ ಹೊತ್ತಿಗೆ ಸರಣಿ ಮುಗಿದಾಗ ಯೂವೆ 15.5, ಅಲೆಖಿನ್ 14.5. ಒಂಬತ್ತು ಗೆಲುವು, ಎಂಟು ಸೋಲು, ಹದಿಮೂರು ಡ್ರಾ. ಗಣಿತದ ಮೇಷ್ಟರು ವಿಶ್ವ ಚಾಂಪಿಯನ್ ಆದರು. ಹಾಲೆಂಡಿನ ಉದ್ದಗಲಕ್ಕೂ ಚೆಸ್ ಹುಚ್ಚು ಹಬ್ಬಿತು. ಆ ಪುಟ್ಟ ದೇಶ ಮುಂದೆ ಚೆಸ್‌ನ ದೊಡ್ಡ ಕೇಂದ್ರವಾಗಿ ಬೆಳೆಯಲು ಈ ಗೆಲುವು ಬುನಾದಿ ಹಾಕಿತು.

ಕುಡಿತದ ಕಥೆ

ಅಲೆಖಿನ್ ಸೋತದ್ದು ಯೂವೆಗಲ್ಲ, ಬಾಟಲಿಗೆ ಎಂಬ ಮಾತು ಸರಣಿ ಮುಗಿಯುವ ಮೊದಲೇ ಹುಟ್ಟಿಕೊಂಡಿತ್ತು. ಈ ಮಾತಿಗೆ ಆಧಾರವಿಲ್ಲದಿಲ್ಲ. ಅಲೆಖಿನ್ ವಿಪರೀತ ಕುಡಿಯುತ್ತಿದ್ದರು. ಎರ್ಮೆಲೋ ಎಂಬ ಊರಿನಲ್ಲಿ ನಡೆದ ಇಪ್ಪತ್ತೊಂದನೆಯ ಆಟಕ್ಕೆ ಅವರು ಅಮಲಿನಲ್ಲೇ ಬಂದಿದ್ದರೆಂದು ವರದಿಗಳಿವೆ. ಇದಕ್ಕೆ ತದ್ವಿರುದ್ಧವಾಗಿ ಯೂವೆ ವ್ಯಾಯಾಮ ತಪ್ಪಿಸದ, ಶಿಸ್ತಿನ ಮನುಷ್ಯ.

ಆದರೆ ಇಡೀ ಸರಣಿಯನ್ನು ಇದೊಂದರಿಂದಲೇ ವಿವರಿಸಲಾಗದು. ಮೊದಲ ಒಂಬತ್ತು ಆಟಗಳಲ್ಲಿ ಐದನ್ನು ಗೆದ್ದ ಅಲೆಖಿನ್ ಕೂಡ ಅದೇ ಅಲೆಖಿನ್. ಮುಂದೆ ಸರಣಿಯ ಆಟಗಳನ್ನು ಅಧ್ಯಯನ ಮಾಡಿದ ಗ್ಯಾರಿ ಕಾಸ್ಪರೋವ್ ಅವರಂಥವರು ಯೂವೆಯ ಗೆಲುವು ನ್ಯಾಯವಾದದ್ದೆಂದೇ ತೀರ್ಮಾನಿಸಿದ್ದಾರೆ. 1936ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ ಆ ಕಾಲದ ಅತಿರಥರೆಲ್ಲ ಸೇರಿದ್ದಾಗಲೂ ಯೂವೆ ಮೊದಲಿಬ್ಬರಿಗಿಂತ ಅರ್ಧ ಅಂಕವಷ್ಟೇ ಹಿಂದೆ, ಮೂರನೆಯ ಸ್ಥಾನವನ್ನು ಹಂಚಿಕೊಂಡು ನಿಂತರು. ಅಲೆಖಿನ್ ಅವರಿಗಿಂತ ಕೆಳಗಿದ್ದರು. ಅಪ್ಪಿತಪ್ಪಿ ಚಾಂಪಿಯನ್ ಆದವನ ಲಕ್ಷಣ ಇದಲ್ಲ.

ಕೊಟ್ಟ ಮಾತು

ಈಗ ಆ ನಿರ್ಧಾರದ ವಿಷಯ. ಕಿರೀಟ ಕೈಗೆ ಬಂದ ಮೇಲೆ ಯೂವೆ ಎದುರು ಎರಡು ದಾರಿಗಳಿದ್ದವು. ಅಲೆಖಿನ್ ಕಾಪಬ್ಲಾಂಕರನ್ನು ಎಂಟು ವರ್ಷ ಅಲೆದಾಡಿಸಿದಂತೆ ತಾವೂ ಷರತ್ತಿನ ಮೇಲೆ ಷರತ್ತು ಹಾಕುತ್ತಾ ಕಾಲ ತಳ್ಳಬಹುದಿತ್ತು. ಶಾಲೆಯ ಕೆಲಸದ ನೆಪ ಹೇಗೂ ಇತ್ತು. ಅಥವಾ ತಕ್ಷಣ ಮರುಪಂದ್ಯಕ್ಕೆ ಕೂರಬಹುದಿತ್ತು. ಯೂವೆ ಎರಡನೆಯದನ್ನು ಆರಿಸಿಕೊಂಡರು. ಅಷ್ಟೇ ಅಲ್ಲ, ಈ ಮರುಪಂದ್ಯದ ನಂತರ ಸವಾಲುಗಾರರನ್ನು ಆರಿಸುವ ಅಧಿಕಾರ ಅಂತರರಾಷ್ಟ್ರೀಯ ಚೆಸ್ ಒಕ್ಕೂಟಕ್ಕೆ ಸೇರಲಿ ಎಂದೂ ಹೇಳಿದರು. ವಿಶ್ವಪಟ್ಟ ವ್ಯಕ್ತಿಯೊಬ್ಬನ ಆಸ್ತಿಯಲ್ಲ ಎಂದು ಒಬ್ಬ ಚಾಂಪಿಯನ್ನೇ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ.

ಬೆಲೆ ಕಟ್ಟಬೇಕಾಗಿ ಬಂದದ್ದು 1937ರ ಅಕ್ಟೋಬರಿನಲ್ಲಿ. ಈ ನಡುವೆ ಅಲೆಖಿನ್ ಕುಡಿತ ಬಿಟ್ಟು ಸಿದ್ಧರಾಗಿದ್ದರೆಂದು ಆ ಕಾಲದ ಚೆಸ್ ಲೇಖಕರು ಬರೆದಿದ್ದಾರೆ. ಸರಣಿ ಮತ್ತೆ ಹಾಲೆಂಡಿನಲ್ಲೇ. ಮೊದಲ ಆಟವನ್ನು ಯೂವೆ ಗೆದ್ದರು. ಆಮೇಲೆ ಅಲೆಖಿನ್ ಹಿಡಿತ ಬಿಗಿಯಾಗುತ್ತಾ ಹೋಯಿತು. ಇಪ್ಪತ್ತೈದು ಆಟಗಳಲ್ಲಿ ಹತ್ತನ್ನು ಅಲೆಖಿನ್ ಗೆದ್ದರು, ಯೂವೆಗೆ ಸಿಕ್ಕಿದ್ದು ನಾಲ್ಕು. 15.5-9.5 ಅಂಕಗಳಿಂದ ಕಿರೀಟ ಹಿಂದಿರುಗಿತು. ಅಲೆಖಿನ್ ಆಮೇಲೆ ಯಾರೊಂದಿಗೂ ಪಟ್ಟಕ್ಕಾಗಿ ಆಡಲಿಲ್ಲ. 1946ರ ಮಾರ್ಚ್ 24ರಂದು ಪೋರ್ಚುಗಲ್ಲಿನಲ್ಲಿ ತೀರಿಕೊಳ್ಳುವವರೆಗೂ ಚಾಂಪಿಯನ್ ಆಗಿಯೇ ಉಳಿದರು. ಯೂವೆ ಕೂಡ ಇದೇ ಜಾಣತನ ತೋರಿದ್ದರೆ ಅವರ ಹೆಸರಿನ ಮುಂದೆ ಎರಡು ವರ್ಷದ ಬದಲು ಹತ್ತು ವರ್ಷ ಇರುತ್ತಿತ್ತೇನೋ. ಆದರೆ ಆ ಹತ್ತು ವರ್ಷಕ್ಕೆ ಗೌರವ ಇರುತ್ತಿತ್ತೇ ಎಂಬುದು ಬೇರೆ ಪ್ರಶ್ನೆ.

ಇಳಿಹೊತ್ತು

ಮಹಾಯುದ್ಧ ಮುಗಿದ ಮೇಲೆ ಯೂವೆ ಇನ್ನೊಮ್ಮೆ ಶಿಖರದ ಹತ್ತಿರ ಬಂದರು. 1946ರಲ್ಲಿ ಗ್ರೊನಿಂಗೆನ್‌ನಲ್ಲಿ ನಡೆದ ಯುದ್ಧಾನಂತರದ ಮೊದಲ ದೊಡ್ಡ ಪಂದ್ಯಾವಳಿಯಲ್ಲಿ ಸೋವಿಯತ್ ಒಕ್ಕೂಟದ ಬೋಟ್ವಿನಿಕ್ ಅವರಿಗಿಂತ ಅರ್ಧ ಅಂಕ ಮಾತ್ರ ಹಿಂದೆ ನಿಂತು ಎರಡನೆಯವರಾದರು. ಅಲೆಖಿನ್ ಸಾವಿನಿಂದ ತೆರವಾಗಿದ್ದ ಪಟ್ಟಕ್ಕಾಗಿ 1948ರಲ್ಲಿ ಹೇಗ್ ಮತ್ತು ಮಾಸ್ಕೋದಲ್ಲಿ ಐವರ ನಡುವೆ ಪಂದ್ಯಾವಳಿ ಏರ್ಪಟ್ಟಾಗ ಅವರೂ ಒಬ್ಬರಾಗಿದ್ದರು.

ಫಲಿತಾಂಶ ಮಾತ್ರ ದಾರುಣ. ಇಪ್ಪತ್ತು ಆಟಗಳಲ್ಲಿ ಒಂದು ಗೆಲುವು, ಆರು ಡ್ರಾ, ಹದಿಮೂರು ಸೋಲು. ಬೋಟ್ವಿನಿಕ್ 14 ಅಂಕ ಗಳಿಸಿ ಚಾಂಪಿಯನ್ ಆದರೆ ಯೂವೆಗೆ ದಕ್ಕಿದ್ದು 4. ವಯಸ್ಸು 46 ದಾಟಿತ್ತು ನಿಜ. ಆದರೆ ಆಟದ ಲೋಕವೇ ಬದಲಾಗಿತ್ತು. ಬೋಟ್ವಿನಿಕ್ ಕೂಡ ವಿದ್ಯುತ್ ಎಂಜಿನಿಯರ್, ಅವರಿಗೂ ಬೇರೆ ಕೆಲಸವಿತ್ತು. ಆದರೆ ಅವರ ಬೆನ್ನ ಹಿಂದೆ ಚೆಸ್ಸನ್ನು ರಾಷ್ಟ್ರದ ಪ್ರತಿಷ್ಠೆಯೆಂದು ಭಾವಿಸಿ ಪೋಷಿಸುತ್ತಿದ್ದ ಸರ್ಕಾರವಿತ್ತು. ರಜೆಯಲ್ಲಿ ಬಂದು ಆಡುವ ಮೇಷ್ಟರ ಕಾಲ ಮುಗಿದಿತ್ತು.

ಹಾಗೆಂದು ಕಿಡಿ ಆರಿರಲಿಲ್ಲ. 1953ರಲ್ಲಿ ಜ್ಯೂರಿಚ್‌ನಲ್ಲಿ ನಡೆದ ಅರ್ಹತಾ ಪಂದ್ಯಾವಳಿಯಲ್ಲಿ ಹದಿನೈದು ಮಂದಿಯಲ್ಲಿ ಯೂವೆ ಹದಿನಾಲ್ಕನೆಯವರು. ಆದರೂ ಅಲ್ಲಿ ಸೋವಿಯತ್ ಆಟಗಾರ ಗೆಲ್ಲರ್ ಎದುರು ತಮ್ಮ ಆನೆಯನ್ನು ಬಲಿಯಾಗಿ ಒಡ್ಡಿ ಎದುರಾಳಿಯ ರಾಣಿಯನ್ನು ಮೂಲೆಗೆ ಸೆಳೆದು ಗೆದ್ದ ಆಟ ಚೆಸ್ ಪುಸ್ತಕಗಳಲ್ಲಿ ಇಂದಿಗೂ ಪಾಠವಾಗಿದೆ.

ಪಾಠ ಹೇಳುವುದೇ ಅವರ ನಿಜವಾದ ಸ್ವಭಾವವಾಗಿತ್ತು ಎನ್ನಬಹುದು. ಚೆಸ್ ಕುರಿತು ಅವರು ಬರೆದ ಪುಸ್ತಕಗಳ ಸಂಖ್ಯೆ 70ನ್ನು ಮೀರುತ್ತದೆ. ಬೇರಾವ ವಿಶ್ವ ಚಾಂಪಿಯನ್ನನೂ ಇಷ್ಟು ಬರೆದಿಲ್ಲ. ಆರಂಭದ ನಡೆಗಳ ವಿಶ್ಲೇಷಣೆಯಿಂದ ಹಿಡಿದು ಹೊಸಬರಿಗಾಗಿ ಬರೆದ ಪಾಠಗಳವರೆಗೆ ಅವುಗಳ ಹರವು ದೊಡ್ಡದು. ಒಂದು ಸ್ಥಿತಿಯನ್ನು ನೋಡಿ ಹೇಗೆ ಅಳೆಯಬೇಕು, ಆ ಅಳತೆಯಿಂದ ಯೋಜನೆಯನ್ನು ಹೇಗೆ ಹೊರಡಿಸಬೇಕು ಎಂಬುದನ್ನು ಹಂತಹಂತವಾಗಿ ಬಿಡಿಸಿ ಹೇಳುವುದು ಅವರ ಕ್ರಮ.

1950ರ ದಶಕದಲ್ಲಿ ಕಂಪ್ಯೂಟರುಗಳು ಬಂದಾಗ ಐವತ್ತು ದಾಟಿದ ಯೂವೆ ಹೊಸ ವಿದ್ಯೆಗೆ ಕೈಹಾಕಿದರು. 1956ರಲ್ಲಿ ರೆಮಿಂಗ್ಟನ್ ರಾಂಡ್ ಕಂಪನಿಯಲ್ಲಿ ದತ್ತಾಂಶ ಸಂಸ್ಕರಣದ ಕೆಲಸಕ್ಕೆ ಸೇರಿದರು. ಮರುವರ್ಷ ಅದೇ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ನ್ಯೂಯಾರ್ಕಿನಲ್ಲಿ ಹದಿಹರೆಯದ ಒಬ್ಬ ಹುಡುಗನೊಂದಿಗೆ ಎರಡು ಅನಧಿಕೃತ ಆಟ ಆಡಿ ಒಂದನ್ನು ಗೆದ್ದು ಇನ್ನೊಂದನ್ನು ಡ್ರಾ ಮಾಡಿಕೊಂಡರು. ಆ ಹುಡುಗ ಬಾಬಿ ಫಿಷರ್. 1961ರಿಂದ 1963ರವರೆಗೆ, ಕಂಪ್ಯೂಟರುಗಳು ಉತ್ತಮ ದರ್ಜೆಯ ಚೆಸ್ ಆಡಬಲ್ಲವೇ ಎಂದು ಪರಿಶೀಲಿಸಲು ಯುರಾಟಮ್ ಸಂಸ್ಥೆ ನೇಮಿಸಿದ್ದ ಸಮಿತಿಗೆ ಯೂವೆ ಅಧ್ಯಕ್ಷರಾಗಿದ್ದರು. 1964ರಲ್ಲಿ ಈ ಹೊಸ ಶಾಸ್ತ್ರದ ಪ್ರಾಧ್ಯಾಪಕರಾಗಿ ರಾಟರ್‌ಡ್ಯಾಮ್ ಮತ್ತು ಟಿಲ್‌ಬರ್ಗ್‌ಗಳಲ್ಲಿ ಪಾಠ ಹೇಳತೊಡಗಿದರು.

ತೀರ್ಪುಗಾರನ ಕುರ್ಚಿ

1970ರಲ್ಲಿ ಯೂವೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ಅಧ್ಯಕ್ಷರಾದರು. ಎಂಟು ವರ್ಷಗಳ ಈ ಅವಧಿ ಶೀತಲ ಸಮರದ ನಡುವೆ ಬಂದದ್ದು. ಚೆಸ್ ಮಣೆ ಆಗ ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳ ಹಗ್ಗಜಗ್ಗಾಟದ ಅಂಗಳ.

1972ರಲ್ಲಿ ಐಸ್‌ಲ್ಯಾಂಡಿನ ರೆಕ್ಯಾವಿಕ್‌ನಲ್ಲಿ ಸ್ಪಾಸ್ಕಿ ಮತ್ತು ಫಿಷರ್ ನಡುವೆ ವಿಶ್ವಪಟ್ಟದ ಸರಣಿ ನಿಗದಿಯಾಗಿತ್ತು. ಉದ್ಘಾಟನೆಯ ದಿನ ಬಂದರೂ ಫಿಷರ್ ಬರಲಿಲ್ಲ. ನಿಯಮದಂತೆ ಅವರನ್ನು ಹೊರಹಾಕಿದ್ದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಯೂವೆ ಎರಡು ದಿನ ಗಡುವು ವಿಸ್ತರಿಸಿದರು. ಇಂಗ್ಲೆಂಡಿನ ಉದ್ಯಮಿ ಜಿಮ್ ಸ್ಲೇಟರ್ ಬಹುಮಾನದ ಮೊತ್ತವನ್ನು ದುಪ್ಪಟ್ಟು ಮಾಡಿದರು. ಫಿಷರ್ ಬಂದರು. ಸೋವಿಯತ್ ಪಾಳಯ ಪ್ರತಿಭಟಿಸಿದಾಗ, ಗಡುವು ಮುಂದೂಡಿದ್ದು ನಿಯಮದ ಉಲ್ಲಂಘನೆಯೇ ಎಂದು ಯೂವೆ ಒಪ್ಪಿಕೊಂಡರು. ಸರಣಿ ನಡೆಯಿತು. ಫಿಷರ್ 12.5-8.5ರಿಂದ ಗೆದ್ದರು. ಚೆಸ್ ಮೊದಲ ಬಾರಿಗೆ ಜಗತ್ತಿನ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಈ ಸರಣಿಯಿಂದ.

ಮೂರು ವರ್ಷಗಳ ನಂತರ ಅದೇ ಫಿಷರ್ ಇನ್ನೊಂದು ಪರೀಕ್ಷೆ ಒಡ್ಡಿದರು. ಹತ್ತು ಗೆಲುವು ಪಡೆಯುವವರೆಗೆ ಸರಣಿ ನಡೆಯಬೇಕು, ಗೆಲುವು 9-9 ಆದರೆ ಪಟ್ಟ ಚಾಂಪಿಯನ್ನನಲ್ಲೇ ಉಳಿಯಬೇಕು ಎಂಬುದು ಅವರ ಬೇಡಿಕೆ. 1975ರ ಮಾರ್ಚ್‌ನಲ್ಲಿ ಹಾಲೆಂಡಿನ ಬರ್ಗೆನ್‌ನಲ್ಲಿ ಸೇರಿದ ವಿಶೇಷ ಸಭೆ ಮೊದಲನೆಯದಕ್ಕೆ ಒಪ್ಪಿ ಎರಡನೆಯದನ್ನು ತಳ್ಳಿಹಾಕಿತು. ಎರಡನೆಯ ಷರತ್ತಿನ ಲೆಕ್ಕ ಸುಲಭ. ಸವಾಲುಗಾರ ಕನಿಷ್ಠ ಎರಡು ಗೆಲುವಿನ ಅಂತರದಿಂದ ಗೆದ್ದರೆ ಮಾತ್ರ ಚಾಂಪಿಯನ್. ಫಿಷರ್ ಆಡಲಿಲ್ಲ. ಏಪ್ರಿಲ್ 3ರಂದು ಅನತೊಲಿ ಕಾರ್ಪೋವ್ ಒಂದೂ ಆಟವಾಡದೆ ಚಾಂಪಿಯನ್ ಆದರು. 1972ರಲ್ಲಿ ಸಡಿಲಿಸಿದ ಹಗ್ಗವನ್ನು 1975ರಲ್ಲಿ ಬಿಗಿಹಿಡಿದದ್ದಕ್ಕೆ ಯೂವೆ ಎರಡೂ ಕಡೆಯವರಿಂದ ಮಾತು ಕೇಳಿದರು.

1976ರಲ್ಲಿ ಸೋವಿಯತ್ ಆಟಗಾರ ವಿಕ್ಟರ್ ಕೋರ್ಚ್‌ನಾಯ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಪಂದ್ಯಾವಳಿ ಮುಗಿಸಿ ತಾಯ್ನಾಡಿಗೆ ಮರಳದೆ ಅಲ್ಲೇ ಆಶ್ರಯ ಬೇಡಿದರು. ಅವರನ್ನು ವಿಶ್ವಪಟ್ಟದ ಸ್ಪರ್ಧೆಯಿಂದ ಹೊರಗಿಡಬೇಕೆಂದು ಸೋವಿಯತ್ ಒಕ್ಕೂಟ ಒತ್ತಾಯಿಸಿತು. ಆಟಗಾರನ ಹಕ್ಕು ಅವನ ಆಟದಿಂದ ಬಂದದ್ದೇ ಹೊರತು ಅವನ ಸರ್ಕಾರದಿಂದಲ್ಲ ಎಂಬ ನಿಲುವಿನಿಂದ ಯೂವೆ ಕದಲಲಿಲ್ಲ. ಎರಡು ವರ್ಷಗಳ ಬಳಿಕ ಕೋರ್ಚ್‌ನಾಯ್ ಫಿಲಿಪ್ಪೀನ್ಸ್‌ನ ಬಾಗಿಯೊದಲ್ಲಿ ಕಾರ್ಪೋವ್ ಎದುರು ಪಟ್ಟಕ್ಕಾಗಿಯೇ ಆಡಿದರು. ಅಧಿಕಾರಾವಧಿಯಲ್ಲಿ ಯೂವೆ ದೇಶದಿಂದ ದೇಶಕ್ಕೆ ಸುತ್ತಿ ಚೆಸ್ ಹೆಚ್ಚು ಬೆಳೆಯದ ನಾಡುಗಳನ್ನೂ ಒಕ್ಕೂಟದ ಒಳಗೆ ತಂದರು. 1978ರಲ್ಲಿ ಐಸ್‌ಲ್ಯಾಂಡಿನ ಫ್ರಿಡ್ರಿಕ್ ಓಲಾಫ್ಸನ್ ಅವರಿಗೆ ಅಧ್ಯಕ್ಷಗಿರಿ ಬಿಟ್ಟುಕೊಟ್ಟರು.

1981ರ ನವೆಂಬರ್ 26ರಂದು, 80ನೇ ವಯಸ್ಸಿನಲ್ಲಿ, ಅವರು ಆಮ್‌ಸ್ಟರ್‌ಡ್ಯಾಮಿನಲ್ಲಿ ನಿಧನರಾದರು. ನಗರದ ಹೃದಯಭಾಗದಲ್ಲಿ, ಹಿಂದೆ ಸೆರೆಮನೆಯಿದ್ದ ಜಾಗದಲ್ಲಿ, ಈಗ ಅವರ ಹೆಸರಿನ ಚೌಕವಿದೆ. ಅಲ್ಲಿ ಅವರ ಪ್ರತಿಮೆಯೂ ನೆಲದ ಮೇಲೆ ದೊಡ್ಡ ಚದುರಂಗದ ಹಾಸೂ ಇವೆ. ಪಕ್ಕದಲ್ಲೇ ಅವರ ಹೆಸರಿನ ಚೆಸ್ ಕೇಂದ್ರ.

ಇಂದಿನ ಚೆಸ್ ಯೂವೆ ಕಂಡ ಚೆಸ್ ಅಲ್ಲ. 2024ರಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಚೆನ್ನೈನ ಗುಕೇಶ್ ನಾಲ್ಕನೆಯ ತರಗತಿಯ ನಂತರ ಪೂರ್ಣಾವಧಿ ಶಾಲೆಗೆ ಹೋಗಲಿಲ್ಲ. ಬಾಲ್ಯದಿಂದಲೇ ಆಟಕ್ಕೆ ಬದುಕು ಮುಡಿಪಾಗಿಡದೆ ಆ ಎತ್ತರಕ್ಕೆ ಏರುವುದು ಇಂದು ಕಷ್ಟಸಾಧ್ಯ. ಶಾಲೆಯಲ್ಲಿ ಪಾಠ ಹೇಳುತ್ತಲೇ ಶಿಖರ ಮುಟ್ಟಿದ ಒಬ್ಬರು ಇದ್ದರು ಎಂಬುದನ್ನು ನೆನೆದಾಗ ಅಚ್ಚರಿಯಾಗುವುದು ಅದಕ್ಕೇ. ಆದರೆ ಯೂವೆಯನ್ನು ಆ ಕಾರಣಕ್ಕಷ್ಟೇ ನೆನೆದರೆ ಸಾಲದು. ಸೋಲುವ ಸಾಧ್ಯತೆ ಗೊತ್ತಿದ್ದೂ ಎದುರಾಳಿಗೆ ನ್ಯಾಯವಾಗಿ ಸಲ್ಲಬೇಕಾದ ಅವಕಾಶವನ್ನು ಅವರು ತಡೆಯಲಿಲ್ಲ. ತಿಂಗಳ ಸಂಬಳ ಬೇರೆಡೆಯಿಂದ ಬರುತ್ತಿದ್ದುದರಿಂದ ಕಿರೀಟ ಅವರ ಅನ್ನದ ಪ್ರಶ್ನೆಯಾಗಿರಲಿಲ್ಲ. ಅದನ್ನು ಬಿಟ್ಟುಕೊಡುವ ಧೈರ್ಯ ಅವರಿಗೆ ಬಂದದ್ದು ಭಾಗಶಃ ಆ ಮೇಷ್ಟರ ಕೆಲಸದಿಂದಲೇ ಇರಬೇಕು.